152–79: ಇಷ್ಟು ದೊಡ್ಡ ಸೋಲಿನ ಬಾಕ್ಸ್ ಸ್ಕೋರ್ ಓದೋದು ಹೇಗೆ? ಆಟಗಾರರ ಮೈನಸ್ ನಂಬಬಹುದಾ?

ಹಾಸನ_ಹೂಪ್ಸ್:

ಎಲ್ಲರಿಗೂ ನಮಸ್ಕಾರ. 2021ರ ಡಿಸೆಂಬರ್ 2ರಂದು (ನಮ್ಮಲ್ಲಿ 3ರ ಬೆಳಗ್ಗೆ) ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಮೆಂಫಿಸ್ ಗ್ರಿಜ್ಲೀಸ್ ತಂಡ ಒಕ್ಲಹೋಮ ಸಿಟಿ ಥಂಡರ್ ತಂಡವನ್ನ 152–79ರಲ್ಲಿ ಸೋಲಿಸಿತ್ತಲ್ಲ, ಆ 73 ಪಾಯಿಂಟ್ ಅಂತರದ ಮ್ಯಾಚ್ ಬಗ್ಗೆ ಕೇಳ್ತಿದ್ದೀನಿ. 1991ರ ಡಿಸೆಂಬರ್ 17ರಂದು ಕ್ಲೀವ್‌ಲ್ಯಾಂಡ್ ಮಯಾಮಿಯನ್ನ 148–80ರಲ್ಲಿ ಸೋಲಿಸಿದ್ದ 68ರ ದಾಖಲೆ ಅವತ್ತು ಮುರಿಯಿತು. ಜಿಲ್ಲಾ ಕ್ರೀಡಾಂಗಣದಲ್ಲಿ ಸಂಜೆ ಆಡೋ ಹುಡುಗರಿಗೆ ಬಾಕ್ಸ್ ಸ್ಕೋರ್ (ಪ್ರತಿ ಆಟಗಾರನ ಅಂಕಿಅಂಶದ ಪಟ್ಟಿ) ಓದೋದು ಕಲಿಸೋಕೆ ಇದನ್ನೇ ಇಟ್ಟುಕೊಳ್ಳೋಣ ಅಂತ ಇದೆ.

ಮೊದಲನೇ ಪ್ರಶ್ನೆ, ಥಂಡರ್ ಆಟಗಾರರ ಹೆಸರಿನ ಮುಂದೆ ಇರೋ ದೊಡ್ಡ ದೊಡ್ಡ ಮೈನಸ್ ನೋಡಿ ಯಾರು ಕೆಟ್ಟದಾಗಿ ಆಡಿದ್ರು ಅಂತ ಹೇಳಬಹುದಾ? ಲೂ ಡಾರ್ಟ್ 15 ಹೊಡೆದ, ತಂಡದಲ್ಲಿ ಅವನದೇ ಹೆಚ್ಚು. ಹಾಗಂತ ಅವನು ಚೆನ್ನಾಗಿ ಆಡಿದ ಅಂತಾನಾ? ಎರಡನೇದು, ಹಾಫ್ ಟೈಮ್ ಆದ್ಮೇಲೆ ಥಂಡರ್ ಕೈಚೆಲ್ಲಿ ಕೂತರು ಅಂತಾರೆ, ಅಂಕಿಅಂಶ ಅದನ್ನ ಹೇಳುತ್ತಾ? ಮೂರನೇದೇ ಮುಖ್ಯ. ನಮ್ಮ ಮಟ್ಟದ ಟೂರ್ನಮೆಂಟ್‌ನಲ್ಲಿ 20 ಹಿಂದೆ ಬಿದ್ದಾಗ ಅದು 50 ಆಗದ ಹಾಗೆ ಏನು ಮಾಡಬೇಕು?

---

ಗಿರಿಶ್ರೇಣಿ_ಚಿಕ್ಕಮಗಳೂರು:

ಪ್ಲಸ್-ಮೈನಸ್‌ನಿಂದಲೇ ಶುರು ಮಾಡೋಣ ಸರ್, ಎಲ್ಲರೂ ಎಡವೋದು ಅಲ್ಲೇ. ಒಬ್ಬ ಆಟಗಾರ ಕೋರ್ಟ್‌ನಲ್ಲಿದ್ದಾಗ ತಂಡ ಎಷ್ಟು ಮುಂದೆ ಹೋಯ್ತು, ಎಷ್ಟು ಹಿಂದೆ ಬಿತ್ತು ಅನ್ನೋದಷ್ಟೇ ಆ ಸಂಖ್ಯೆ. ಕೋರ್ಟ್‌ನಲ್ಲಿ ಯಾವಾಗ್ಲೂ ಐದು ಜನ ಇರ್ತಾರೆ. ಹಾಗಾಗಿ ತಂಡ 73ರಿಂದ ಸೋತರೆ ಎಲ್ಲರ ಮೈನಸ್ ಕೂಡಿದಾಗ 73ರ ಐದು ಪಟ್ಟು, ಅಂದ್ರೆ 365 ಬರಲೇಬೇಕು. ಇದನ್ನ ಹತ್ತು ಜನಕ್ಕೆ ಹಂಚಿದರೆ ತಲೆಗೆ ಸರಾಸರಿ ಮೈನಸ್ 36. ಬೇರೆ ದಿನ ಮೈನಸ್ 30 ಅಂದ್ರೆ ನಾಚಿಕೆ ಪಡೋ ಸಂಖ್ಯೆ, ಅವತ್ತು ಅದು ಸರಾಸರಿಗಿಂತ ಮೇಲು. ಜೊತೆಗೆ ನಿಮಿಷವನ್ನೂ ನೋಡಬೇಕು. 30 ನಿಮಿಷ ಆಡಿದವನ ಮೈನಸ್ 40ನ್ನ 15 ನಿಮಿಷ ಆಡಿದವನ ಮೈನಸ್ 25ರ ಪಕ್ಕ ಹಾಗೇ ಇಡಬೇಡಿ, ನಿಮಿಷಕ್ಕೆ ಎಷ್ಟು ಅಂತ ಭಾಗಿಸಿ ನೋಡಿ. ಎರಡನೆಯವನದೇ ಜಾಸ್ತಿ ಇರುತ್ತೆ.

ಮೆಂಫಿಸ್ ಕಡೆ ಶೂಟಿಂಗ್ 88ಕ್ಕೆ 55, ಅದರಲ್ಲಿ ಮೂರು ಪಾಯಿಂಟಿನವು 36ಕ್ಕೆ 19. ಮೂರು ಪಾಯಿಂಟಿನ ಶಾಟ್‌ಗೆ ಅರ್ಧ ಹೆಚ್ಚುವರಿ ಬೆಲೆ ಕೊಟ್ಟು ಲೆಕ್ಕ ಹಾಕಿ. 55ಕ್ಕೆ 9.5 ಸೇರಿಸಿದ್ರೆ 64.5, ಅದನ್ನ 88ರಿಂದ ಭಾಗಿಸಿದ್ರೆ ಶೇ. 73. ಆ ಕಾಲದ ಎನ್‌ಬಿಎಯಲ್ಲಿ ಇದರ ಸರಾಸರಿ ಶೇ. 53ರ ಸುಮಾರು. ಸಾಧಾರಣ ದಿನ ಆಗಿದ್ರೆ ಅದೇ 88 ಶಾಟ್‌ಗೆ 93–94 ಪಾಯಿಂಟ್ ಬರೋದು, ಅವತ್ತು ಬಂದಿದ್ದು 129. ಉಳಿದ 23 ಫ್ರೀ ಥ್ರೋ. 73ರ ಅಂತರದಲ್ಲಿ 35ರಷ್ಟು ಅವರ ಕೈ ಕುದುರಿದ್ದರಿಂದ ಬಂದಿದ್ದು ಅಂತ ಇಟ್ಕೊಳ್ಳಬಹುದು. ಜಾರೆನ್ ಜಾಕ್ಸನ್ ಜೂನಿಯರ್ ಒಬ್ಬನೇ ಮೂರು ಪಾಯಿಂಟಿನವು 7ರಲ್ಲಿ 6 ಹಾಕಿ, 20 ನಿಮಿಷದಲ್ಲಿ 27 ಹೊಡೆದ.

ರಿಬೌಂಡ್ (ತಪ್ಪಿದ ಶಾಟ್‌ನ ಬಾಲ್ ಹಿಡಿಯೋದು) 53–26 ನೋಡಿ ಥಂಡರ್ ಹುಡುಗರು ಬಾಕ್ಸ್ ಔಟ್ (ಎದುರಾಳಿಯನ್ನ ಮೈಯಿಂದ ತಡೆದು ಬಾಲ್‌ನಿಂದ ದೂರ ಇಡೋದು) ಮಾಡ್ಲಿಲ್ಲ ಅಂತ ಬೈಯೋದೂ ಸರಿಯಲ್ಲ. ಮೆಂಫಿಸ್ ಮಿಸ್ ಮಾಡಿದ್ದೇ 33 ಶಾಟ್. ಹಿಡಿಯೋಕೆ ಬಾಲ್ ಸಿಕ್ಕಿದ್ರೆ ತಾನೆ ರಿಬೌಂಡ್? ಅತ್ತ ಥಂಡರ್ ಮೂರು ಹೊಡೆದರೆ ಒಂದು ಒಳಗೆ ಬೀಳೋ ಸ್ಥಿತಿ, ಅವರ ಮಿಸ್ ಎಲ್ಲ ಮೆಂಫಿಸ್ ಖಾತೆಗೆ ಹೋಯ್ತು.

---

ಎರಡನೇ_ಪಾಳಿ:

ಲೆಕ್ಕ ಒಪ್ಪಿದೆ, ಆದರೆ ಆ 35ನ್ನ ಪೂರ್ತಿ ಅದೃಷ್ಟದ ತಲೆಗೆ ಕಟ್ಟೋಕೆ ನನ್ನ ಒಪ್ಪಿಗೆ ಇಲ್ಲ. ಯಾರೂ ಎದುರಿಗೆ ಇಲ್ಲದಾಗ ಕಾಲು ಊರಿ ಹೊಡೆಯೋ ಶಾಟ್‌ಗೂ ಕೈ ಮುಖದ ಮುಂದೆ ಇರುವಾಗ ಹೊಡೆಯೋ ಶಾಟ್‌ಗೂ ಅಜಗಜಾಂತರ. ಎದುರಾಳಿಯ ಪರ್ಸೆಂಟೇಜ್ ಏರಿದಾಗ ಮೊದಲು ಕೇಳಬೇಕಾದ್ದು, ಆ ಶಾಟ್ ಎಲ್ಲಿಂದ, ಎಷ್ಟು ಬೇಗ ಬಂತು ಅನ್ನೋದು. ತನ್ನ ಮಿಸ್ ಆದ್ಮೇಲೆ ವಾಪಸ್ ಓಡದ ತಂಡಕ್ಕೆ ಎದುರಾಳಿ ಯಾರೇ ಆಗಿದ್ರೂ ಶೇ. 60 ಹೊಡೀತಾರೆ.

ಹಾಫ್ ಟೈಮ್ ಪ್ರಶ್ನೆಗೆ ಸ್ಕೋರ್‌ನಲ್ಲೇ ಉತ್ತರ ಇದೆ. ಅರ್ಧಕ್ಕೆ 72–36, ಅಂತರ 36. ಉಳಿದರ್ಧ 80–43, ಅಂತರ 37. ಎರಡೂ ಹೆಚ್ಚುಕಡಿಮೆ ಒಂದೇ! ಕೈಚೆಲ್ಲಿದ್ರು ಅನ್ನೋದಾದ್ರೆ ಮೊದಲ ಕ್ವಾರ್ಟರಿನಿಂದಲೇ ಚೆಲ್ಲಿದ್ರು ಅನ್ನಬೇಕಾಗುತ್ತೆ. ಇನ್ನೊಂದು ವಿಷಯ ಹುಡುಗರಿಗೆ ತೋರಿಸಲೇಬೇಕು. ಮೆಂಫಿಸ್‌ನಲ್ಲಿ ಯಾರೂ 21 ನಿಮಿಷಕ್ಕಿಂತ ಹೆಚ್ಚು ಆಡಿಲ್ಲ. ಒಂದು ತಂಡಕ್ಕೆ ಒಟ್ಟು 240 ಆಟಗಾರ-ನಿಮಿಷ, ಹಾಗಾಗಿ ಕನಿಷ್ಠ 12 ಜನ ಇಳಿದಿರಲೇಬೇಕು. ಬೆಂಚಿನಿಂದಲೇ 93 ಪಾಯಿಂಟ್ ಬಂತು: ಮೆಲ್ಟನ್ 19, ಹೊಸಬ ಸಾಂಟಿ ಅಲ್ಡಾಮಾ 18, ಕಾಂಚಾರ್ 17. ಥಂಡರ್ ಒಟ್ಟು ಸ್ಕೋರೇ 79. ಕೋಚ್ ಟೇಲರ್ ಜೆಂಕಿನ್ಸ್ ಮುಖ್ಯ ಐವರನ್ನ ಕೂರಿಸಿದ ಮೇಲೂ ಅಂತರ ಬೆಳೀತಾನೇ ಹೋಯ್ತು, ಒಂದು ಹಂತದಲ್ಲಿ 78. ಆ ಬೆಂಚಿನವರಿಗೆ ಅದು ಕಾಲಹರಣ ಅಲ್ಲ, ನಿಮಿಷ ಗಳಿಸೋ ಪರೀಕ್ಷೆ. ಹಿಂದೆ ಬಿದ್ದ ತಂಡ ಎದುರಾಳಿಯ ಬೆಂಚ್ ಇಳಿದಾಗ ಉಸಿರು ಬಿಡುತ್ತೆ, ಬೆಂಚಿನವರೋ ಬೇಟೆಗೆ ಇಳಿದ ಹಾಗೆ ಇಳೀತಾರೆ.

ಯಾರು ಇರಲಿಲ್ಲ ಅನ್ನೋದನ್ನೂ ಬರೆದಿಡಿ. ಥಂಡರ್‌ಗೆ ತಲೆಪೆಟ್ಟಿನ ಕಾರಣ ಶೇ ಗಿಲ್ಜಸ್-ಅಲೆಕ್ಸಾಂಡರ್ ಇಲ್ಲ, ಹುಷಾರಿಲ್ಲದೆ ಜಾಶ್ ಗಿಡ್ಡಿ ಇಲ್ಲ. ಬಾಲ್ ಮೇಲಕ್ಕೆ ತರೋ ಇಬ್ಬರೂ ಹೊರಗೆ. ಸಾಲದ್ದಕ್ಕೆ ಹಿಂದಿನ ರಾತ್ರಿಯೇ ಹ್ಯೂಸ್ಟನ್ ಜೊತೆ ಮ್ಯಾಚ್ ಆಡಿ ಬಂದಿದ್ರು. ಮೆಂಫಿಸ್‌ಗೂ ಜಾ ಮೊರಾಂಟ್ ಇರಲಿಲ್ಲ ನಿಜ, ಆದರೆ ಅವರ ಬಳಿ ಟೈಯಸ್ ಜೋನ್ಸ್ ಅನ್ನೋ ಪಳಗಿದ ಬದಲಿ ಗಾರ್ಡ್ ಇದ್ದ. ಡಾರ್ಟ್ ವಿಷಯ ಇಲ್ಲೇ ಬರುತ್ತೆ. ಅವನ ಕಸುಬು ಎದುರಾಳಿಯ ಮುಖ್ಯ ಸ್ಕೋರರ್‌ಗೆ ಅಂಟಿಕೊಂಡು ಕಾಯೋದು. ಅಂಥವನ ಮೇಲೆ ಶಾಟ್ ಹುಟ್ಟಿಸೋ ಕೆಲಸವೂ ಬಿತ್ತು. 15 ಪಾಯಿಂಟ್ ಹೇಳೋದು ಬೇರೆ ಯಾರೂ ಹೊಡೆಯಲಿಲ್ಲ ಅನ್ನೋದನ್ನ, ಅವನು ಮಿಂಚಿದ ಅನ್ನೋದನ್ನಲ್ಲ. ಅದೇ ಡಾರ್ಟ್ 2024–25ರಲ್ಲಿ ಲೀಗ್‌ನ ಮೊದಲ ಡಿಫೆನ್ಸ್ ತಂಡಕ್ಕೆ ಆಯ್ಕೆಯಾದ, ಅದೇ ಥಂಡರ್ 2025ರ ಏಪ್ರಿಲ್ 20ರಂದು ಪ್ಲೇ-ಆಫ್‌ನಲ್ಲಿ ಇದೇ ಮೆಂಫಿಸ್‌ನ 131–80ರಲ್ಲಿ ಮಣಿಸಿ, ಕೊನೆಗೆ ಚಾಂಪಿಯನ್ ಆಯ್ತು.

---

ಹಾಸನ_ಹೂಪ್ಸ್:

36 ಮತ್ತೆ 37! ಇದನ್ನ ಗಮನಿಸಿಯೇ ಇರಲಿಲ್ಲ, ಧನ್ಯವಾದ. ಮೂರನೇ ಪ್ರಶ್ನೆಗೂ ಯಾರಾದ್ರೂ ಸ್ವಲ್ಪ ಬಿಡಿಸಿ ಹೇಳ್ತೀರಾ?

---

ಗಿರಿಶ್ರೇಣಿ_ಚಿಕ್ಕಮಗಳೂರು:

ಹೇಳ್ತೀನಿ ಕೇಳಿ ಮಾರಾಯ್ರೆ, 20 ಹೋಗಿ 50 ಆಗೋದು ನಿಮ್ಮ ಶಾಟ್ ರಿಂಗ್‌ಗೆ ತಗಲಿದ ನಂತರದ ಮೂರು ಹೆಜ್ಜೆಯಲ್ಲಿ.

ಶಾಟ್ ಕೈ ಬಿಡುತ್ತಿದ್ದ ಹಾಗೆ ಐದೂ ಜನ ನಿಂತು ಬಾಲ್ ನೋಡ್ತಾರೆ. ನಮ್ಮ ಕಡೆ ಹುಡುಗರಲ್ಲಿ ಇದು ಅಂಟುರೋಗ. ಇಬ್ಬರ ಹೆಸರು ಮೊದಲೇ ನಿಗದಿ ಮಾಡಿ, ಸಾಮಾನ್ಯವಾಗಿ ಪಾಯಿಂಟ್ ಗಾರ್ಡ್ (ಬಾಲ್ ಮೇಲಕ್ಕೆ ತರೋನು) ಮತ್ತೆ ಮೇಲ್ಗಡೆ ನಿಂತಿರೋ ಇನ್ನೊಬ್ಬ. ಶಾಟ್ ಬಿಟ್ಟ ಕ್ಷಣ ಅವರಿಬ್ಬರೂ ಹಾಫ್ ಲೈನ್‌ಗೆ ತಿರುಗಿ ಓಡಬೇಕು. ಹಿಮ್ಮುಖವಾಗಿ ಕುಪ್ಪಳಿಸ್ತಾ ಹೋಗೋದಲ್ಲ: ಸೊಂಟ ತಿರುಗಿಸಿ ಮೂರು ಹೆಜ್ಜೆ ಜೋರು ಓಟ, ಆಮೇಲೆ ಭುಜದ ಮೇಲಿಂದ ಬಾಲ್ ನೋಡೋದು. ಮೂಲೆಯಿಂದ ಹೊಡೆದ ಶಾಟ್ ತಪ್ಪಿದ್ರೆ ಬಾಲ್ ಹೆಚ್ಚಾಗಿ ಎದುರು ಬದಿಗೆ ಉದ್ದಕ್ಕೆ ಸಿಡಿಯುತ್ತೆ, ಫಾಸ್ಟ್ ಬ್ರೇಕ್ (ಡಿಫೆನ್ಸ್ ಕಟ್ಟೋ ಮುಂಚೆ ನುಗ್ಗೋ ದಾಳಿ) ಹುಟ್ಟೋದು ಅಲ್ಲಿಂದಲೇ.

ಹಿಂದೆ ಬಂದವರಲ್ಲಿ ಮೊದಲನೆಯವನು ರಿಂಗ್ ಕೆಳಗೆ, ಎರಡನೆಯವನು ಬಾಲ್ ತರೋನನ್ನ ಮೂರು ಪಾಯಿಂಟ್ ಗೆರೆಯ ಆಚೆಯೇ ತಡೀಬೇಕು. ಮೂರನೆಯವನು ಬಂದು ಸೇರೋದು ಬಾಲ್ ಹತ್ತಿರಕ್ಕಲ್ಲ, ಖಾಲಿ ಮೂಲೆಗೆ. ಮೂರೂ ಜನ ಬಾಲ್‌ಗೆ ಮುತ್ತಿದ್ರೆ ಮೂಲೆಯವನು ಆರಾಮಾಗಿ ಹೊಡೀತಾನೆ. ಫಿಬಾ (ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ಅಳತೆಯ ಕೋರ್ಟ್‌ನಲ್ಲಿ ಗೆರೆ ಮಧ್ಯದಲ್ಲಿ 6.75 ಮೀಟರ್, ಮೂಲೆಯಲ್ಲಿ 6.60, ಅಂದ್ರೆ ಅಲ್ಲಿಂದ ಶಾಟ್ ಇನ್ನೂ ಹತ್ತಿರ.

ಪ್ರಾಕ್ಟೀಸ್‌ಗೆ ಐದಕ್ಕೆ ಐದು ಆಡಿಸಿ, ಆದರೆ ಬಾಸ್ಕೆಟ್ ಲೆಕ್ಕ ಬೇಡ. ಬಾಲ್ ರಿಬೌಂಡ್ ಆಗೋ ಮುಂಚೆ ಆ ಇಬ್ಬರೂ ಹಾಫ್ ಲೈನ್ ಕಡೆ ಮುಖ ಮಾಡಿ ಓಡ್ತಿದ್ರೆ ತಂಡಕ್ಕೆ ಒಂದು ಪಾಯಿಂಟ್, ಇಲ್ಲದಿದ್ರೆ ಎದುರಾಳಿಗೆ ಎರಡು. ಎಂಟು ಅಟ್ಯಾಕ್‌ನ ಮೂರು ಸುತ್ತು ಸಾಕು. ಜೂನ್–ಜುಲೈನಲ್ಲಿ ಹೊರಗಿನ ಸಿಮೆಂಟ್ ಕೋರ್ಟ್ ಪಾಚಿ ಹಿಡಿದು ಜಾರುವಾಗ ಇದನ್ನ ನಡಿಗೆಯಲ್ಲೇ ಮಾಡಿಸಿ. ಜಾಗ ತಲೆಗೆ ಹೋದ್ರೆ ಸಾಕು, ಮಂಡಿ ತಿರುಚಿಕೊಂಡು ಕೂರೋದು ಬೇಡ.

ಅಟ್ಯಾಕ್‌ನಲ್ಲಿ, 20 ಹಿಂದೆ ಇದ್ದಾಗ ಒಂದೇ ಪಾಸ್‌ಗೆ ಮೂರು ಪಾಯಿಂಟ್ ಹೊಡೆಯೋ ಆಸೆ ಬರುತ್ತೆ. ತಪ್ಪಿದಾಗ ಯಾರೂ ಜಾಗದಲ್ಲಿ ಇರಲ್ಲ. ಲೇ-ಅಪ್ (ರಿಂಗ್ ಹತ್ತಿರದಿಂದ ಹಾಕೋ ಶಾಟ್) ಸಿಕ್ಕರೆ ಸರಿ, ಇಲ್ಲದಿದ್ರೆ ಮೊದಲ ಹತ್ತು ಸೆಕೆಂಡ್ ಶಾಟ್ ಇಲ್ಲ ಅಂತ ಕಟ್ಟುನಿಟ್ಟು ಮಾಡಿ. ಶಾಟ್ ಕ್ಲಾಕ್ ಇಲ್ಲದ ಕಡೆ ಬೆಂಚಿನಿಂದ ಒಬ್ಬ ಎಣಿಸಲಿ. ಬಾಲ್ ಕಳೆದುಕೊಳ್ಳೋದರಲ್ಲೂ ವ್ಯತ್ಯಾಸ ಇದೆ. ಗೆರೆ ಆಚೆ ಹೋದ ಪಾಸ್ ಅಷ್ಟು ನಷ್ಟ ಅಲ್ಲ, ಡಿಫೆನ್ಸ್ ಕಟ್ಟಿಕೊಳ್ಳೋಕೆ ಸಮಯ ಸಿಗುತ್ತೆ. ಮೇಲ್ಗಡೆ ಒಂದು ಬದಿಯಿಂದ ಇನ್ನೊಂದು ಬದಿಗೆ ಕೊಡೋ ಸೋಮಾರಿ ಅಡ್ಡ ಪಾಸ್ ಕದ್ದುಹೋದ್ರೆ ಮಾತ್ರ ನೇರ ಎರಡು ಪಾಯಿಂಟ್. ಹೆದರಬೇಕಾದ್ದು ಅದಕ್ಕೆ.

---

ಸ್ಕೋರ್_ಟೇಬಲ್:

ಟೈಮ್ ಔಟ್ ವಿಷಯ ಸೇರಿಸ್ತೀನಿ. ಎನ್‌ಬಿಎಯಲ್ಲಿ ಏಳು ಇರುತ್ತೆ, ಬಾಲ್ ಕೈಯಲ್ಲಿರೋ ಆಟಗಾರನೂ ಕೇಳಬಹುದು. ನಾವು ಆಡೋ ಫಿಬಾ ನಿಯಮದಲ್ಲಿ ಮೊದಲರ್ಧಕ್ಕೆ ಎರಡು, ಎರಡನೇ ಅರ್ಧಕ್ಕೆ ಮೂರು. ಕೋಚ್ ಟೇಬಲ್‌ಗೆ ಬಂದು ಕೇಳಬೇಕು, ಆಟಗಾರ ಕೂಗಿದ್ರೆ ನಡೆಯಲ್ಲ. ಆಟ ನಿಂತಾಗ, ಇಲ್ಲವೇ ಎದುರಾಳಿ ಬಾಸ್ಕೆಟ್ ಹಾಕಿದಾಗ ಮಾತ್ರ ಸಿಗುತ್ತೆ. ಅದಕ್ಕೇ ಎದುರಾಳಿ ಸತತ ಮೂರನೇ ಬಾಸ್ಕೆಟ್‌ಗೆ ಹೊರಟಾಗಲೇ ಟೇಬಲ್‌ಗೆ ಹೇಳಿಬಿಡಿ, ಬಾಲ್ ಒಳಗೆ ಬಿದ್ದ ಕ್ಷಣ ನಾವು ಬಜರ್ ಒತ್ತುತ್ತೇವೆ. ಬಾಸ್ಕೆಟ್ ಬಿದ್ದ ಮೇಲೆ ಓಡಿ ಬಂದ್ರೆ ಅಷ್ಟರಲ್ಲಿ ನಿಮ್ಮ ಹುಡುಗ ಬಾಲ್ ಒಳಗೆ ಹಾಕೋಕೆ ಕೈಗೆ ತಗೊಂಡಿರ್ತಾನೆ, ಅವಕಾಶ ಹೋಯ್ತು.

ಐದೂ ಜನರನ್ನ ಒಟ್ಟಿಗೆ ಬದಲಾಯಿಸಬೇಡಿ. ಮೂವರು ಹೊಸಬರು, ಜೊತೆಗೆ ಬಾಲ್ ಸುರಕ್ಷಿತವಾಗಿ ತರೋ ಒಬ್ಬ ಗಾರ್ಡ್ ಒಳಗಿರಲೇಬೇಕು. ಥಂಡರ್‌ಗೆ ಅವತ್ತು ಇಲ್ಲದೇ ಹೋಗಿದ್ದು ಅದೇ.

ಹೇಗೂ ಸೋತಾಯ್ತಲ್ಲ ಅನ್ನೋರಿಗೆ ಒಂದು ಮಾತು. ಲೀಗ್ ಮಾದರಿಯ ಟೂರ್ನಮೆಂಟ್‌ನಲ್ಲಿ ಗೆದ್ದವರಿಗೆ 2 ಅಂಕ, ಸೋತವರಿಗೆ 1, ಬರದೇ ಇದ್ದವರಿಗೆ 0. ಅರಸೀಕೆರೆ, ಕಡೂರು, ಹಾಸನ ಮೂರೂ ತಂಡ ಒಂದೊಂದು ಗೆದ್ದು ಸಮ ಆದ್ವು ಅಂತ ಇಟ್ಕೊಳ್ಳಿ. ಆ ಮೂರರ ನಡುವಿನ ಮ್ಯಾಚ್‌ಗಳ ಪಾಯಿಂಟ್ ಅಂತರದ ಮೇಲೆ ಸ್ಥಾನ ತೀರ್ಮಾನ ಆಗುತ್ತೆ. 18ರಿಂದ ಸೋತವರು ಮುಂದೆ ಹೋಗಬಹುದು, 30ರಿಂದ ಸೋತವರು ಬಸ್ ಹತ್ತಬೇಕಾಗುತ್ತೆ.

---

ಹಾಸನ_ಹೂಪ್ಸ್:

ತುಂಬಾ ಉಪಕಾರ ಆಯ್ತು. ಕೊನೇದು, ನಮ್ಮಲ್ಲಿ ಕಂಪ್ಯೂಟರ್ ಸ್ಕೋರಿಂಗ್ ಇಲ್ಲ. ಪ್ಲಸ್-ಮೈನಸ್ ಕೈಯಲ್ಲೇ ಬರೆಯೋದು ಹೇಗೆ?

---

ಸ್ಕೋರ್_ಟೇಬಲ್:

ಬೇರೆ ಹಾಳೆ ಇಡಿ. ಪ್ರತಿ ಬದಲಾವಣೆಗೂ ಒಂದು ಸಾಲು: ಗಡಿಯಾರದ ಸಮಯ, ಆಗಿನ ಸ್ಕೋರ್, ಒಳಗಿರೋ ಐದು ನಂಬರ್. ಮುಂದಿನ ಬದಲಾವಣೆ ಬಂದಾಗ ಹೊಸ ಅಂತರದಿಂದ ಹಳೇ ಅಂತರ ಕಳೆದು ಆ ಐವರ ಮುಂದೂ ಬರೆಯಿರಿ. ಮ್ಯಾಚ್ ಮುಗಿದ ಮೇಲೆ ಎಲ್ಲರದ್ದನ್ನೂ ಕೂಡಿ ಐದರಿಂದ ಭಾಗಿಸಿ, ಉತ್ತರ ಸೋಲಿನ ಅಂತರಕ್ಕೆ ಸರಿಯಾಗಿ ಬರಬೇಕು. ಬರಲಿಲ್ಲ ಅಂದ್ರೆ ಎಲ್ಲೋ ಕಳೆಯೋದರಲ್ಲಿ ತಪ್ಪಾಗಿದೆ, ಇಲ್ಲವೇ ಐವರಲ್ಲಿ ಯಾರದ್ದೋ ಮುಂದೆ ಬರೆಯೋದು ಬಿಟ್ಟಿದೆ. ಬದಲಾವಣೆಯನ್ನೇ ಬರೆಯದೆ ಬಿಟ್ಟಿದ್ರೆ ಈ ಲೆಕ್ಕದಲ್ಲಿ ಸಿಗಲ್ಲ, ಹಾಗಾಗಿ ಕ್ವಾರ್ಟರ್ ಶುರುವಿನಲ್ಲಿ ಹುಷಾರು, ಯಾಕಂದ್ರೆ ವಿರಾಮದಲ್ಲಿ ಸದ್ದಿಲ್ಲದೆ ಇಬ್ಬರು ಬದಲಾಗಿರ್ತಾರೆ. ಅಧಿಕೃತ ಸ್ಕೋರ್ ಶೀಟಿನಲ್ಲಿ 1 ಮತ್ತು 3ನೇ ಕ್ವಾರ್ಟರ್ ಕೆಂಪು ಪೆನ್ನಿನಲ್ಲಿ, 2 ಮತ್ತು 4 ನೀಲಿ ಅಥವಾ ಕಪ್ಪಿನಲ್ಲಿ ಬರೀತೀವಲ್ಲ, ಈ ಹಾಳೆಗೂ ಅದೇ ಬಣ್ಣ ಬಳಸಿ. ತಾಳೆ ನೋಡುವಾಗ ತಪ್ಪು ಯಾವ ಕ್ವಾರ್ಟರ್‌ನದ್ದು ಅಂತ ಕೂಡಲೇ ಸಿಗುತ್ತೆ.