ಪದಚರ್ಚೆ: ಕಾದ ಜೇಡಿಮಣ್ಣು ಎರಡು ಸಲ ನೀರು ಬಿಡುತ್ತದೆ, ಎರಡಕ್ಕೂ ‘ನಿರ್ಜಲೀಕರಣ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಜೇಡಿಮಣ್ಣಿನ ಖನಿಜಗಳು ಶಾಖಕ್ಕೆ ಹೇಗೆ ಬದಲಾಗುತ್ತವೆ ಅಂತ ಕಾಲೇಜು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ‘ನಿರ್ಜಲೀಕರಣ’ ಅನ್ನುವ ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಸ್ಮೆಕ್ಟೈಟ್ ಗುಂಪಿನ ಖನಿಜಗಳಿಂದ. ಆ ಗುಂಪಿನ ಮಾಂಟ್‌ಮೊರಿಲೊನೈಟನ್ನೇ ನೋಡೋಣ. ಅದರ ಪದರಗಳಿಗೆ ಋಣ ಆವೇಶ ಇದೆ. ಅದನ್ನು ಸರಿದೂಗಿಸಲು ಪದರಗಳ ನಡುವೆ ಸೋಡಿಯಂ, ಕ್ಯಾಲ್ಸಿಯಂನಂಥ ಧನ ಅಯಾನುಗಳು ನೀರಿನ ಜೊತೆ ಕೂತಿರುತ್ತವೆ. ಸುಮಾರು 100ರಿಂದ 200 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಈ ನೀರು ಹೊರಟುಹೋಗುತ್ತದೆ. ಸೋಡಿಯಂ ಬೇಗ ಬಿಟ್ಟುಕೊಡುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರನ್ನು ಗಟ್ಟಿಯಾಗಿ ಹಿಡಿದಿರುತ್ತವೆ, ಹಾಗಾಗಿ ಜಾಸ್ತಿ ಶಾಖ ಬೇಕು. ತೇವದ ಗಾಳಿಗೆ ಇಟ್ಟರೆ ಈ ನೀರು ಮರಳುತ್ತದೆ.

600–700 ಡಿಗ್ರಿಯಲ್ಲಿ ಆಗುವುದೇ ಬೇರೆ. ಪದರದ ರಚನೆಯಲ್ಲೇ ಇರುವ, ಒಂದು ಆಮ್ಲಜನಕ ಒಂದು ಜಲಜನಕ ಕೂಡಿದ (OH) ಹೈಡ್ರಾಕ್ಸಿಲ್‌ಗಳು ಒಡೆದು ನೀರಾಗಿ ಹೋಗುತ್ತವೆ. ಅದು ಸುಲಭಕ್ಕೆ ಮರಳುವುದಿಲ್ಲ.

ಒಂದೇ ಪದ ಬಳಸಿದರೆ ಎಲ್ಲಿ ಎಡವುತ್ತೇವೆ ಅನ್ನುವುದನ್ನು ಲಿಥಿಯಂ ಚೆನ್ನಾಗಿ ತೋರಿಸುತ್ತದೆ. 1950ರಲ್ಲಿ ಹಾಫ್‌ಮನ್ ಮತ್ತು ಕ್ಲೆಮೆನ್ ಎಂಬ ಸಂಶೋಧಕರು ಅದರ ವರ್ತನೆಯನ್ನು ವಿವರಿಸಿದರು. ಲಿಥಿಯಂ ತುಂಬಿದ ಮಾಂಟ್‌ಮೊರಿಲೊನೈಟನ್ನು 250 ಡಿಗ್ರಿಯ ಆಸುಪಾಸು ಕಾಯಿಸಿದರೆ, ಪುಟ್ಟ ಲಿಥಿಯಂ ಅಯಾನುಗಳು ಪದರದೊಳಗಿನ ಖಾಲಿ ಜಾಗಗಳಿಗೆ ನುಗ್ಗುತ್ತವೆ. ಪದರದ ಆವೇಶ ತಗ್ಗುತ್ತದೆ, ಮಣ್ಣು ಉಬ್ಬುವ ಗುಣ ಕಳೆದುಕೊಳ್ಳುತ್ತದೆ. ಹೈಡ್ರಾಕ್ಸಿಲ್‌ಗಳು ಇನ್ನೂ ಅಲ್ಲೇ ಇವೆ! ಇಲ್ಲಿ ಬರೀ ‘ನಿರ್ಜಲೀಕರಣ’ ಅಂತ ಬರೆದರೆ, ನೀರು ಹೋಗಿದ್ದರಿಂದಲೇ ಉಬ್ಬುವುದು ನಿಂತಿತು ಅಂತ ಓದುಗರು ತಿಳಿಯುತ್ತಾರೆ, ಅಲ್ವಾ?

ನನಗೆ ಹಿಡಿಸಿದ ಜೋಡಿ ‘ಆರುವಿಕೆ’ ಮತ್ತು ‘ಬೇಯುವಿಕೆ’. ಬಿಸಿಲಿಗೆ ಆರಿದ ಹಸಿ ಮಡಕೆ ನೀರಿಗೆ ಬಿದ್ದರೆ ಮತ್ತೆ ಕೆಸರಾಗುತ್ತದೆ, ಆವಿಗೆಯಲ್ಲಿ ಬೆಂದದ್ದು ಆಗುವುದಿಲ್ಲ. ಈ ವ್ಯತ್ಯಾಸ ನಮ್ಮ ಮಾತಿನಲ್ಲೇ ಇದೆ. ಆದರೆ ‘ಬೇಯುವಿಕೆ’ಯ ವ್ಯಾಪ್ತಿ ದೊಡ್ಡದು, ಕಣಗಳು ಒಂದಕ್ಕೊಂದು ಬೆಸೆಯುವುದೂ ಅದರಲ್ಲಿ ಸೇರುತ್ತದೆ. ಪಠ್ಯಕ್ಕೆ ‘ಹೈಡ್ರಾಕ್ಸಿಲ್ ಕಳೆತ’ ಹೆಚ್ಚು ಖಚಿತ ಅನ್ನಿಸುತ್ತದೆ. ಲಿಥಿಯಂ ನುಗ್ಗುವುದಕ್ಕೆ ‘ಒಳಸೇರಿಕೆ’ ಅಂದರೆ ಹೇಗೆ?

ಕುಂಬಾರಿಕೆ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ಆರಿಯೂ ಇನ್ನೂ ಬೇಯದ ಮಡಕೆಗೆ ನಿಮ್ಮ ಕಡೆ ಏನಂತಾರೆ?