ಕಾರವಾರ: ಹಳೇ ಲಾರಿ ಗ್ಯಾರೇಜ್ ಜಾಗದಲ್ಲಿ ಮನೆ ಕಟ್ಟಲು ಈ ಮಣ್ಣು ಪರೀಕ್ಷೆ ಸಾಕೇ?

ಶಿರವಾಡ_ಕಡೆಯವ
ಶಿರವಾಡದ ಹತ್ತಿರ 20 ಗುಂಟೆ ಜಾಗ. ಅದಿರು ಲಾರಿಗಳ ಗ್ಯಾರೇಜ್ ಇತ್ತು, 2010ರಲ್ಲಿ ರಫ್ತು ನಿಂತ ಮೇಲೆ ಬಾಗಿಲು ಹಾಕಿತು. ನೆಲದಡಿ ಡೀಸೆಲ್ ಟ್ಯಾಂಕ್ ಇನ್ನೂ ಇದೆ. ಎರಡು ಸರ್ವಿಸ್ ಗುಂಡಿ, ಮೂಲೆಯಲ್ಲಿ ಬ್ಯಾಟರಿ ರಿಪೇರಿ ಶೆಡ್, ಒಂದು ತೆರೆದ ಬಾವಿ. ಲ್ಯಾಬಿನವರು ಐದು ಕಡೆ ಅರ್ಧ ಅಡಿ ಮಣ್ಣು ತೆಗೆದು, ಕಲಸಿ, ಒಂದೇ ವರದಿ ಕೊಟ್ಟಿದ್ದಾರೆ: ಸೀಸ 130, ಕ್ರೋಮಿಯಂ 210 ಮಿ.ಗ್ರಾಂ/ಕೆ.ಜಿ., ಎಣ್ಣೆ ಪತ್ತೆಯಾಗಿಲ್ಲ. ಮೇಲೆ ಮೂರಡಿ ಕೆಂಪು ಮಣ್ಣು ಹೊಡೆಸಿ ಪಾಯ ಹಾಕೋಣ ಅನ್ನುತ್ತಾರೆ ಗುತ್ತಿಗೆದಾರರು. ಸರಿಯೇ?

ಚಿರೆಕಲ್ಲು
ಬೇಡ ಸರ್. ಆ ವರದಿಯನ್ನು ನಂಬಿ ಪಾಯ ಹಾಕಬೇಡಿ.

ಸೀಸದ ಲೆಕ್ಕ ನೋಡಿ. ಐದರ ಸರಾಸರಿ 130 ಅಂದರೆ ಒಟ್ಟು 650. ನಾಲ್ಕು ಕಡೆ 20 ಇದ್ದರೆ ಐದನೆಯದು 570. ಕೆನಡಾದ ಮಾನದಂಡದಲ್ಲಿ ವಸತಿ ಜಾಗಕ್ಕೆ ಸೀಸದ ಮಿತಿ 140. ಬ್ಯಾಟರಿ ಶೆಡ್ಡಿನ ಮಣ್ಣು ಉಳಿದ ಮಣ್ಣಿನೊಳಗೆ ಕರಗಿಹೋಗಿ ವರದಿ ಚೆನ್ನಾಗಿ ಕಾಣುತ್ತಿರಬಹುದು. ಶೆಡ್ಡಿನ ಸುತ್ತ ನಾಲ್ಕೈದು ಕಡೆ, 0–15 ಮತ್ತು 30–45 ಸೆಂ.ಮೀ. ಆಳದಿಂದ ಬೇರೆ ಬೇರೆ ಮಾದರಿ ತೆಗೆಸಿ. ಸೀಸ ಸಾಮಾನ್ಯವಾಗಿ ಮೇಲ್ಮಣ್ಣಲ್ಲೇ ಅಂಟಿಕೊಳ್ಳುತ್ತದೆ, ಆದರೆ ಬ್ಯಾಟರಿ ಆಸಿಡ್ ಚೆಲ್ಲಿದ ಕಡೆ ಕೆಳಗಿಳಿದಿರುತ್ತದೆ.

ಎಣ್ಣೆ ಸಿಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಟ್ಯಾಂಕಿನ ತಳ ಎಂಟು-ಹತ್ತು ಅಡಿ ಕೆಳಗಿರುವಾಗ ಅರ್ಧ ಅಡಿ ಕೆರೆದರೆ ಏನು ಸಿಕ್ಕೀತು? ಟ್ಯಾಂಕಿನ ಎರಡೂ ತುದಿ, ಪೈಪ್ ಜೋಡಣೆ, ಸರ್ವಿಸ್ ಗುಂಡಿಗಳ ತಳ, ಇಲ್ಲೆಲ್ಲ ಬೋರ್ ಹೊಡೆದು ಶೇಡಿ ಮಣ್ಣು (ಚಿರೆಕಲ್ಲಿನಡಿಯ ಜಿಗುಟು ಜೇಡಿ ಪದರ) ಸಿಗುವವರೆಗೆ ನೋಡಬೇಕು. ಚಿರೆಕಲ್ಲಿನ ಪದರದಲ್ಲಿ ತೂತುಗಳ ಜಾಲವಿದ್ದು ಡೀಸೆಲ್ ಅದರೊಳಗೆ ಸಲೀಸಾಗಿ ಇಳಿಯುತ್ತದೆ, ಶೇಡಿಯ ಮೇಲೆ ತಡೆದು ಇಳಿಜಾರಿನತ್ತ ಹರಿಯುತ್ತದೆ. ಬೋರ್ ಶೇಡಿಯನ್ನು ದಾಟಬಾರದು. ದಾಟಿದರೆ ಮಾಲಿನ್ಯಕ್ಕೆ ನೀವೇ ಕೆಳಗೆ ದಾರಿ ತೋರಿಸಿದಂತೆ. ಕೆಲಸ ಮುಗಿದ ಬೋರನ್ನು ಬೆಂಟೊನೈಟ್ (ನೀರಲ್ಲಿ ಉಬ್ಬುವ ಜೇಡಿ) ತುಂಬಿ ಮುಚ್ಚಿ.

ಲ್ಯಾಬ್_ಮೇಜು
ಕ್ರೋಮಿಯಂ 210 ನೋಡಿ ಗಾಬರಿಯಾಗಬೇಡಿ. ನಮ್ಮ ಕರಾವಳಿಯ ಚಿರೆಮಣ್ಣಲ್ಲಿ ಕ್ರೋಮಿಯಂ ಸಹಜವಾಗಿಯೇ ಹೆಚ್ಚಿರಬಹುದು. ಗ್ಯಾರೇಜಿಗಿಂತ ಎತ್ತರದ ಇಳಿಜಾರಿನಲ್ಲಿ, ಯಾರೂ ಮುಟ್ಟದ ಅದೇ ಬಗೆಯ ಮಣ್ಣಿನಿಂದ ಮೂರು-ನಾಲ್ಕು ಮಾದರಿ ತೆಗೆದು ಹೋಲಿಸಿ. ಆರು ವೇಲೆನ್ಸಿಯ ಕ್ರೋಮಿಯಂ ಬೇರೆಯಾಗಿ ಮಾಡಿಸಿ, ವಿಷಕಾರಿ ಅದು. ಒಟ್ಟು ಕ್ರೋಮಿಯಂ ನೋಡಿ ತೀರ್ಮಾನಿಸಲಾಗದು.

ಮಾದರಿ ಹಿಡಿಯುವಾಗಲೇ ಹೆಚ್ಚು ಕೆಡುವುದು. ಡೀಸೆಲ್, ಬೆಂಜೀನ್ (ಇಂಧನದಲ್ಲಿರುವ, ಬೇಗ ಆವಿಯಾಗುವ ವಿಷ) ಪರೀಕ್ಷೆಯ ಮಣ್ಣನ್ನು ಎಂದೂ ಕಲಸಬಾರದು, ಆವಿ ಹಾರಿಹೋಗುತ್ತದೆ. ಪ್ಲಾಸ್ಟಿಕ್ ಚೀಲವೂ ಬೇಡ, ಟೆಫ್ಲಾನ್ ಮುಚ್ಚಳದ ಗಾಜಿನ ಜಾಡಿ ಬೇಕು. ಬೆಂಜೀನಿಗೆ ಬಾವಿ ನೀರನ್ನು 40 ಮಿ.ಲೀ. ವಯಲಿಗೆ (ಪುಟ್ಟ ಗಾಜಿನ ಶೀಶೆ) ಒಂದು ಗುಳ್ಳೆಯೂ ಇರದಂತೆ ತುಂಬಿ, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 2ಕ್ಕಿಂತ ಕೆಳಗಿಳಿಸಿ, 4 ಡಿಗ್ರಿಯ ತಂಪಿನಲ್ಲಿಟ್ಟು 14 ದಿನದೊಳಗೆ ಪರೀಕ್ಷೆ ಮುಗಿಸಬೇಕು. ಕಾರವಾರದಿಂದ ಬಸ್ಸಿನ ಡಿಕ್ಕಿಯಲ್ಲಿ ಐಸ್ ಇಲ್ಲದೆ ಕಳಿಸಿದ ಬಾಟಲಿಯ ಫಲಿತಾಂಶಕ್ಕೆ ಬೆಲೆಯಿಲ್ಲ.

ಶಿರವಾಡ_ಕಡೆಯವ
ಬಾವಿ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಾಣುತ್ತದೆ. ಅದು ಡೀಸೆಲ್ಲೇ ಇರಬಹುದಾ?

ಚಿರೆಕಲ್ಲು
ನೀರನ್ನು ಬಕೆಟ್ಟಿಗೆ ತೆಗೆದು ಕಡ್ಡಿಯಿಂದ ಪೊರೆಯನ್ನು ಕಲಕಿ. ಒಡೆದು ಚೂರುಚೂರಾಗಿ ಹಾಗೇ ನಿಂತರೆ ಕಬ್ಬಿಣದ ಬ್ಯಾಕ್ಟೀರಿಯಾ, ನಮ್ಮ ಕಡೆಯ ಬಾವಿಗಳಲ್ಲಿ ಮಾಮೂಲು. ಮತ್ತೆ ಹರಡಿ ಕೂಡಿಕೊಂಡರೆ ಎಣ್ಣೆ. ಇದು ಸುಳಿವು ಅಷ್ಟೇ, ಲ್ಯಾಬ್ ಪರೀಕ್ಷೆ ಹೇಗೂ ಬೇಕು. ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ನೀರಿನ ಮಾದರಿ ತೆಗೆಸಿ. ತೇಲುವ ಡೀಸೆಲ್ ನೀರಿನ ಜೊತೆ ಏರಿಳಿದು ಮಣ್ಣಿಗೆ ಮೆತ್ತಿಕೊಳ್ಳುತ್ತದೆ, ಜುಲೈನಲ್ಲಿ ನೀರಿನಡಿ ಸಿಕ್ಕಿಬಿದ್ದು ಕಾಣದೆ ಹೋಗುತ್ತದೆ. ಅಲ್ಲಿಯವರೆಗೆ ಆ ಬಾವಿ ನೀರು ಯಾರೂ ಕುಡಿಯದ ಹಾಗೆ ನೋಡಿಕೊಳ್ಳಿ.

ಕಾಳಿ_ಸೈಟ್
ಶುದ್ಧಿ ಕೆಲಸಕ್ಕೆ ಅಕ್ಟೋಬರ್‌ನಿಂದ ಮೇ ಒಳಗಿನ ಕಾಲ ಮಾತ್ರ ಇಟ್ಟುಕೊಳ್ಳಿ. ಜೂನ್‌ನಲ್ಲಿ ಗುಂಡಿ ತೆರೆದಿದ್ದರೆ ಎಣ್ಣೆನೀರು ಪಕ್ಕದ ಮನೆಯ ಬಾವಿಗೆ ಹೋಗುತ್ತದೆ.

ಮೊದಲು ಟ್ಯಾಂಕ್. ಉಳಿದ ಎಣ್ಣೆ, ಕೆಸರು ತೆಗೆಸಿ, ಒಳಗಿನ ಆವಿ ಸ್ಫೋಟ ಮಿತಿಯ (ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣ) ಶೇ. 10ಕ್ಕಿಂತ ಕಡಿಮೆ ಎಂದು ಮೀಟರಿನಲ್ಲಿ ಕಾಣುವವರೆಗೆ ಗ್ಯಾಸ್ ಕಟ್ಟರ್ ಹತ್ತಿರ ತರಬಾರದು. ಕೆಸರು ಅಪಾಯಕಾರಿ ತ್ಯಾಜ್ಯ: 2016ರ ನಿಯಮದಂತೆ ಫಾರ್ಮ್ 10 ಮ್ಯಾನಿಫೆಸ್ಟ್ (ಸಾಗಣೆ ದಾಖಲೆ) ಜೊತೆ, ಅಧಿಕೃತ ವಾಹನದಲ್ಲೇ ಹೋಗಬೇಕು.

ಡೀಸೆಲ್ ಮಣ್ಣನ್ನು ಅಲ್ಲೇ ಶುದ್ಧಮಾಡಬಹುದು, ಗೊಬ್ಬರ, ಗಾಳಿ ಸಿಕ್ಕರೆ ಮಣ್ಣಿನ ಸೂಕ್ಷ್ಮಜೀವಿಗಳೇ ಡೀಸೆಲ್ ತಿಂದು ಕೊಳೆಸುತ್ತವೆ. ದಪ್ಪ ಪ್ಲಾಸ್ಟಿಕ್ ಹಾಸಿನ ಮೇಲೆ ಒಂದೂವರೆ ಮೀಟರಿಗಿಂತ ಎತ್ತರವಾಗದಂತೆ ರಾಶಿ ಹಾಕಿ, ತೆಂಗಿನ ನಾರಿನ ಪುಡಿ ಬೆರೆಸಿ, ತಾಡಪಾಲು ಮುಚ್ಚಿ. ಇಂಗಾಲ, ಸಾರಜನಕ, ರಂಜಕ 100:10:1 ಇರಲಿ. 100 ಟನ್ ಮಣ್ಣಲ್ಲಿ ಡೀಸೆಲ್ 5,000 ಮಿ.ಗ್ರಾಂ/ಕೆ.ಜಿ. ಇದ್ದರೆ ಸುಮಾರು 85 ಕೆ.ಜಿ. ಯೂರಿಯಾ, 20 ಕೆ.ಜಿ. ಡಿಎಪಿ, ಮೂರು ಕಂತಿನಲ್ಲಿ. ಹುಳಿಮಣ್ಣಾದರೆ ಮೊದಲು ಸುಣ್ಣ ಹಾಕಿ. ಸುಣ್ಣ, ಯೂರಿಯಾ ಒಟ್ಟಿಗೆ ಬಿದ್ದರೆ ಅಮೋನಿಯಾ ಹಾರಿಹೋಗಿ ಗೊಬ್ಬರ ದಂಡ. ಎರಡು ವಾರಕ್ಕೊಮ್ಮೆ ಮಗುಚಿ. ಮೂರರಿಂದ ಆರು ತಿಂಗಳು ಹಿಡಿಯುತ್ತದೆ.

ಸೀಸಕ್ಕೆ ಈ ಉಪಾಯ ನಡೆಯದು, ಲೋಹ ಕೊಳೆಯುವುದಿಲ್ಲ. ಆ ಮಣ್ಣನ್ನು ಬೇರೆಯಾಗಿ ಅಗೆದು ದಾಬಸ್‌ಪೇಟೆಯ ವಿಲೇವಾರಿ ಘಟಕಕ್ಕೆ ಕಳಿಸಬೇಕು. ದುಬಾರಿ, ಅದಕ್ಕೇ ಅಗೆಯುವ ಗಡಿಯನ್ನು ಮಾದರಿಗಳಿಂದ ಮೊದಲೇ ಗುರುತಿಸಿ. ಒಂದು ಘನ ಮೀಟರ್ ಮಣ್ಣು ಅಂದರೆ ಸುಮಾರು 1.7 ಟನ್ ತೂಕ.

ಮೂರಡಿ ಮಣ್ಣು ಹೊಡೆಸುವ ಮಾತು ಬಿಡಿ. ಡೀಸೆಲ್ ಆವಿ ಮೇಲೆದ್ದು ಮನೆಯೊಳಗೇ ಬರುತ್ತದೆ, ಪಾಯ ತೋಡುವಾಗ ಹಳೇ ಮಣ್ಣು ಹೇಗೂ ಮೇಲೆ ಬರುತ್ತದೆ. ಮಾಲಿನ್ಯ ಖಚಿತವಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ತಿಳಿಸಿ, ಕಲುಷಿತ ಜಾಗಗಳ ನಿರ್ವಹಣೆಗೆ 2025ರಲ್ಲಿ ಕೇಂದ್ರದ ಪ್ರತ್ಯೇಕ ನಿಯಮವೇ ಬಂದಿದೆ. ಅಗೆದ ಗುಂಡಿಯ ತಳ ಮತ್ತು ನಾಲ್ಕೂ ಗೋಡೆಗಳ ಮಾದರಿ ಮಿತಿಯೊಳಗೆ ಬರುವ ತನಕ ಗುಂಡಿ ಮುಚ್ಚಿಸಬೇಡಿ.