ಕಂಜಂಕ್ಟೈವಾದ ಬಯಾಪ್ಸಿಯಲ್ಲಿ ಕೆಐ-67 ಎಷ್ಟು ಇದ್ದರೆ ಕ್ಯಾನ್ಸರ್ ಎನ್ನಬೇಕು?

ಪ್ರಶ್ನೆ (ರೋಗಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮತ್ತು ಕಂಜಂಕ್ಟೈವಾ (ಕಣ್ಣಿನ ಬಿಳಿಭಾಗವನ್ನು ಮುಚ್ಚುವ ತೆಳುಪೊರೆ) ಕೂಡುವ ಲಿಂಬಸ್ ಅಂಚಿನಲ್ಲಿ ಬೆಳೆದಿದ್ದ ಸಣ್ಣ ಗಂಟೊಂದರ ಬಯಾಪ್ಸಿಯನ್ನು ನೋಡುತ್ತಿದ್ದೇನೆ. ಎಪಿಥೀಲಿಯಂನ (ಮೇಲ್ಮೈಯ ಕೋಶಪದರದ) ಕೆಳಗಿನ ಅರ್ಧ ಭಾಗದಲ್ಲಿ ಜೀವಕೋಶಗಳ ಜೋಡಣೆ ಕೆಟ್ಟಂತೆ ಕಾಣುತ್ತದೆ, ಜೊತೆಗೆ ಉರಿಯೂತವೂ ಇದೆ. ಕೋಶವಿಭಜನೆಯ ಗುರುತಾದ ಕೆಐ-67 ಪ್ರೋಟೀನಿನ ಬಣ್ಣ ಸುಮಾರು ಶೇ 30ರಷ್ಟು ನ್ಯೂಕ್ಲಿಯಸ್‌ಗಳಲ್ಲಿ ಬಂದಿದೆ; ಪಿ53 (ಕ್ಯಾನ್ಸರ್ ತಡೆಯುವ ಪ್ರೋಟೀನ್) ಅಲ್ಲಲ್ಲಿ ಮಾತ್ರ, ಅದೂ ತೆಳುವಾಗಿ. ಇದನ್ನು ಕ್ಯಾನ್ಸರ್‌ಪೂರ್ವ ಬೆಳವಣಿಗೆ ಎಂದು ಬರೆಯಲು ಕೆಐ-67 ಎಷ್ಟು ಶೇಕಡಾ ದಾಟಿರಬೇಕು?

ಉತ್ತರ 1 (ರೋಗಶಾಸ್ತ್ರಜ್ಞರು)

ಶೇಕಡಾ ಲೆಕ್ಕವನ್ನು ಸದ್ಯಕ್ಕೆ ಬದಿಗಿಡಿ. ಬಣ್ಣ ಹಿಡಿದ ನ್ಯೂಕ್ಲಿಯಸ್‌ಗಳು ಯಾವ ಪದರದಲ್ಲಿವೆ ಎಂಬುದನ್ನು ಮೊದಲು ನೋಡಿ. ಕೆಐ-67 ಪ್ರೋಟೀನ್ ವಿಭಜನಾ ಚಕ್ರದಲ್ಲಿರುವ ಎಲ್ಲ ಜೀವಕೋಶಗಳಲ್ಲಿಯೂ ಇರುತ್ತದೆ, ವಿಶ್ರಾಂತ ಸ್ಥಿತಿಯಲ್ಲಿರುವ ಕೋಶಗಳಲ್ಲಿ ಇರುವುದಿಲ್ಲ. ಹಾಗಾಗಿ ಅದು ವಿಭಜನೆ ನಡೆಯುತ್ತಿದೆ ಎಂದಷ್ಟೇ ಹೇಳುತ್ತದೆ, ಏಕೆ ನಡೆಯುತ್ತಿದೆ ಎಂದು ಹೇಳುವುದಿಲ್ಲ. ಉರಿಯೂತದಿಂದ ಗಾಯಗೊಂಡ ಎಪಿಥೀಲಿಯಂ ಕೂಡ ಚುರುಕಾಗಿ ವಿಭಜನೆಗೊಳ್ಳುತ್ತದೆ. ಆರೋಗ್ಯವಂತ ಅಂಗಾಂಶದಲ್ಲಿ ಈ ಕಂದು ಚುಕ್ಕೆಗಳು (ಬಣ್ಣ ಹಿಡಿದ ನ್ಯೂಕ್ಲಿಯಸ್‌ಗಳು) ತಳದ ಒಂದೆರಡು ಸಾಲುಗಳಿಗೆ ಸೀಮಿತವಾಗಿರುತ್ತವೆ. ಅವು ಮೇಲಿನ ಪದರಗಳಿಗೂ ಹತ್ತಿದ್ದರೆ ಮಾತ್ರ ಅನುಮಾನ ಗಟ್ಟಿಯಾಗುತ್ತದೆ.

ಪಿ53 ಓದುವಾಗ ಇನ್ನೂ ಎಚ್ಚರ ಬೇಕು. ಸಹಜ ಪಿ53 ಕೋಶದಲ್ಲಿ ಬೇಗನೆ ಕರಗಿಹೋಗುವುದರಿಂದ ಅಲ್ಲಲ್ಲಿ ತೆಳುವಾಗಿ ಕಾಣುವುದು ಸ್ವಾಭಾವಿಕ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಆ ಜೀನ್ ರೂಪಾಂತರಗೊಂಡಾಗ ಪ್ರೋಟೀನ್ ಒಡೆಯದೆ ಶೇಖರವಾಗಿ ಸಾಲುಸಾಲಾಗಿ ಗಾಢವಾಗಿ ಕಾಣಬಹುದು. ಕೆಲವು ರೂಪಾಂತರಗಳಲ್ಲಿ ಪ್ರೋಟೀನೇ ತಯಾರಾಗದೆ ಒಂದು ಚುಕ್ಕೆಯೂ ಕಾಣದಿರಬಹುದು. ಈ ಎರಡನೆಯದನ್ನು ಪಿ53 ನೆಗೆಟಿವ್, ಆತಂಕವಿಲ್ಲ ಎಂದು ಬರೆದುಬಿಡುವ ತಪ್ಪನ್ನು ನಾನು ಹಲವು ವರದಿಗಳಲ್ಲಿ ಕಂಡಿದ್ದೇನೆ.

ಇನ್ನೊಂದು ಮಾತು: ಕ್ಯಾನ್ಸರ್‌ಪೂರ್ವ ಹಂತಕ್ಕೂ ಆಕ್ರಮಣಕಾರಿ ಕ್ಯಾನ್ಸರಿಗೂ ನಡುವಿನ ಗೆರೆಯನ್ನು ಯಾವ ಪ್ರೋಟೀನೂ ಎಳೆಯುವುದಿಲ್ಲ. ಕೋಶಗಳು ಎಪಿಥೀಲಿಯಂನ ಅಡಿಯಲ್ಲಿರುವ ತಳಪೊರೆಯನ್ನು ದಾಟಿವೆಯೇ ಎಂಬುದೊಂದೇ ಆ ಗೆರೆ.

ಉತ್ತರ 2 (ನೇತ್ರ ಶಸ್ತ್ರಚಿಕಿತ್ಸಕರು)

ತುಣುಕು ಹೇಗೆ ಬಂದಿತ್ತು ಎಂದು ವಿಚಾರಿಸಿದಿರಾ? ಕಂಜಂಕ್ಟೈವಾ ಬಹಳ ತೆಳು. ಕತ್ತರಿಸಿದ ಕೂಡಲೇ ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಇಡುವ ದ್ರಾವಣಕ್ಕೆ) ಹಾಕಿದರೆ ಒಣಗಿದ ಎಲೆಯಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಆಮೇಲೆ ಛೇದ ಓರೆಯಾಗಿ ಬಿದ್ದರೆ ತಳದ ಎರಡು ಸಾಲುಗಳೇ ಎಂಟು ಸಾಲುಗಳಂತೆ ಕಾಣುತ್ತವೆ. ಆದ್ದರಿಂದಲೇ ನಾವು ತುಣುಕನ್ನು ಫಿಲ್ಟರ್ ಕಾಗದದ ಮೇಲೆ ಚಪ್ಪಟೆಯಾಗಿ ಹರಡಿ, ಒಂದೆರಡು ನಿಮಿಷ ಅಂಟಿಕೊಳ್ಳಲು ಬಿಟ್ಟು, ಕಾಗದದ ಸಮೇತ ಕಳುಹಿಸುತ್ತೇವೆ. ನಿಮ್ಮ ವರದಿಯ ಮೇಲೆಯೇ ನಮ್ಮ ಮುಂದಿನ ನಡೆ ನಿಂತಿರುತ್ತದೆ: ಡಿಸ್ಪ್ಲೇಸಿಯಾ (ಕ್ಯಾನ್ಸರ್‌ಪೂರ್ವ ಬದಲಾವಣೆ) ಎಂದಾದರೆ ಅಂಚುಗಳನ್ನು ಪರಿಶೀಲಿಸಿ, ಅಗತ್ಯವಿದ್ದಲ್ಲಿ ಮೈಟೊಮೈಸಿನ್ ಅಥವಾ ಇಂಟರ್‌ಫೆರಾನ್ ಎಂಬ ಔಷಧದ ಹನಿಗಳನ್ನು ತಿಂಗಳುಗಟ್ಟಲೆ ಹಾಕಿಸಬೇಕಾಗಬಹುದು.

ಉತ್ತರ 3 (ನೇತ್ರ ರೋಗಶಾಸ್ತ್ರದಲ್ಲಿ ಕೆಲಸ ಮಾಡುವವರು)

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಪಿ16 ಎಂಬ ಇನ್ನೊಂದು ಪ್ರೋಟೀನಿನ ಪರೀಕ್ಷೆ ಮಾಡಿಸುವ ಆಲೋಚನೆಯಿದ್ದರೆ, ಗರ್ಭಕಂಠದಲ್ಲಿ ಅದು ಎಚ್‌ಪಿವಿ ವೈರಸ್ಸಿನ ಗುರುತಾಗಿ ನಿಂತಷ್ಟು ಗಟ್ಟಿಯಾಗಿ ಕಣ್ಣಿನಲ್ಲಿ ನಿಲ್ಲುವುದಿಲ್ಲ ಎಂಬುದು ನೆನಪಿರಲಿ. ಟೆರಿಜಿಯಂನಲ್ಲಿಯೂ (ಕಂಜಂಕ್ಟೈವಾದಿಂದ ಕಾರ್ನಿಯಾದ ಮೇಲೆ ಹಬ್ಬುವ, ಕ್ಯಾನ್ಸರ್ ಅಲ್ಲದ ಬೆಳವಣಿಗೆ) ಪಿ53 ಕಾಣಿಸಿಕೊಳ್ಳುವುದುಂಟು. ಕೋಶಗಳು ಗುಂಪುಗುಂಪಾಗಿ, ನೊರೆಯಂಥ ಸೈಟೊಪ್ಲಾಸಂನೊಂದಿಗೆ ಚದುರಿದ್ದರೆ ಮಾತ್ರ ಅಡಿಪೊಫಿಲಿನ್ (ಕೋಶದೊಳಗಿನ ಕೊಬ್ಬಿನ ಹನಿಗಳನ್ನು ತೋರಿಸುವ ಬಣ್ಣ) ಮಾಡಿಸಿ. ರೆಪ್ಪೆಯ ಮೇದೋಗ್ರಂಥಿಯ ಕ್ಯಾನ್ಸರ್ ಹೀಗೆ ಕಂಜಂಕ್ಟೈವಾಕ್ಕೆ ಹರಡಿ ಎಷ್ಟೋ ಬಾರಿ ಮೋಸ ಮಾಡುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ತುಣುಕು ಸುರುಳಿಯಾಗಿಯೇ ಬಂದಿತ್ತು. ಅಂಗಾಂಶವನ್ನು ಹುದುಗಿಸಿದ್ದ ಮೇಣದ ಬ್ಲಾಕ್ ಕರಗಿಸಿ, ಅಂಗಾಂಶವನ್ನು ನೇರವಾಗಿ ನಿಲ್ಲಿಸಿ ಮತ್ತೆ ಛೇದ ತೆಗೆಸಿದೆವು. ಕೆಐ-67 ತಳದ ಎರಡು ಸಾಲುಗಳನ್ನು ದಾಟಿಲ್ಲ. ಮೇಲಿನ ಕೋಶಗಳು ಕ್ರಮವಾಗಿ ಪಕ್ವಗೊಂಡಿವೆ, ತಳಪೊರೆ ಅಖಂಡವಾಗಿದೆ. ಉರಿಯೂತದ ಪ್ರತಿಕ್ರಿಯೆ ಎಂದು ಬರೆದು, ಗಂಟು ಮರುಕಳಿಸಿದರೆ ಮತ್ತೊಮ್ಮೆ ಬಯಾಪ್ಸಿ ಮಾಡಬೇಕೆಂದು ಮಾರ್ಗದರ್ಶಕರ ಒಪ್ಪಿಗೆಯೊಂದಿಗೆ ಸೂಚಿಸಿದ್ದೇನೆ.